ಮಳೆಗಾಲದಲ್ಲಿ ಚಟಪಟ ಎನ್ನುವ ಕಂಡೆನ್ಸರ್ ಮೈಕ್: ಒಳಗಿನ ಬಿಡಿಭಾಗಗಳನ್ನು ಗುರುತಿಸಲು ನೆರವು ಬೇಕು

ತುಂಗೆಯ ದಡ:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಹದಿನೈದು ದಿನಕ್ಕೊಮ್ಮೆ ತಾಳಮದ್ದಲೆ ನಡೆಯುತ್ತದೆ. ಅದನ್ನು ಧ್ವನಿಮುದ್ರಿಸಿ ಇಡುವ ಕೆಲಸ ನನ್ನದು. ಇದಕ್ಕೆಂದು ಆರು ವರ್ಷಗಳ ಹಿಂದೆ ದೊಡ್ಡ ಡಯಾಫ್ರಾಮಿನ (ಧ್ವನಿಗೆ ಕಂಪಿಸುವ ತೆಳು ಹಾಳೆಯ) ಕಂಡೆನ್ಸರ್ ಮೈಕ್ ಒಂದನ್ನು ಕೊಂಡಿದ್ದೆ. ಬೇಸಗೆಯಲ್ಲಿ ಯಾವ ತಕರಾರೂ ಇಲ್ಲದೆ ಕೆಲಸ ಮಾಡುವ ಈ ಮೈಕು, ಆರಿದ್ರಾ ಮಳೆ ಹಿಡಿಯಿತೆಂದರೆ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಸಿಡಿಯಲು ಶುರುಮಾಡುತ್ತದೆ. ಈ ವರ್ಷ ಆ ಸಿಡಿತದ ಜೊತೆಗೆ, ಅರ್ಥಧಾರಿಗಳು ಮಾತು ನಿಲ್ಲಿಸಿದಾಗಲೆಲ್ಲ ಕೇಳುವಂತಹ 'ಸ್ಸ್' ಎಂಬ ಸದ್ದೂ ಸೇರಿಕೊಂಡಿದೆ. ಕೇಬಲ್ ಬದಲಿಸಿ ನೋಡಿದ್ದೇನೆ; ಮಿಕ್ಸರಿನ ಅದೇ ಚಾನೆಲ್ಲಿಗೆ ಬೇರೊಂದು ಕಂಡೆನ್ಸರ್ ಮೈಕನ್ನು ಹಾಕಿದರೆ ಸದ್ದಿಲ್ಲ. ಆದ್ದರಿಂದ ದೋಷ ಮೈಕಿನೊಳಗೇ ಇದೆ ಎಂದು ತೀರ್ಮಾನಿಸಿ, ಹೊದಿಕೆಯನ್ನು ಬಿಚ್ಚಿದ್ದೇನೆ.

ಬೋರ್ಡಿನ ಮೇಲೆ ಕಂಡದ್ದನ್ನು ಹೀಗೆ ಬರೆದುಕೊಂಡಿದ್ದೇನೆ. ಧ್ವನಿ ಹಿಡಿಯುವ ಭಾಗವಾದ ಕ್ಯಾಪ್ಸೂಲಿನ ತಂತಿ ಬಂದು ಸೇರುವಲ್ಲಿ ಮೂರು ಕಾಲಿನ ಕರಿಯ ಭಾಗವೊಂದಿದ್ದು, ಅದರ ಮೇಲೆ 'ಕೆ170' ಎಂದೂ ಅದರ ಕೆಳಗೆ 'ಬಿಎಲ್' ಎಂದೂ ಇದೆ. ಅದರ ನಡುವಿನ ಕಾಲು ಬೋರ್ಡಿಗೆ ತಾಗದೆ ಗಾಳಿಯಲ್ಲೇ ನಿಂತಿದೆ; ಇದು ಮೊದಲಿನಿಂದ ಹಾಗೆಯೇ ಇದ್ದದ್ದೋ, ಬೆಸುಗೆ ಬಿಟ್ಟು ಮೇಲೆದ್ದದ್ದೋ ತಿಳಿಯುತ್ತಿಲ್ಲ. ಅಲ್ಲಿಯೇ ಎರಡು ರೆಸಿಸ್ಟರುಗಳಿವೆ. ಪಟ್ಟಿಗಳು ಕಂದು, ಕಪ್ಪು, ಬೂದು, ಚಿನ್ನ. ಪಾರದರ್ಶಕ ಕೊಳವೆಯೊಳಗೆ ಬೆಳ್ಳಿಯ ಹಾಳೆ ಸುತ್ತಿಟ್ಟಂತೆ ಕಾಣುವ ಭಾಗದ ಮೇಲೆ '470' ಎಂದಿದೆ. ಸ್ವಲ್ಪ ಕೆಳಗೆ 'ಎ1015 ಜಿಆರ್' ಎಂದು ಬರೆದ ಎರಡು ಟ್ರಾನ್ಸಿಸ್ಟರುಗಳು, '2ಎ102ಜೆ' ಎಂಬ ಹಸಿರು ಭಾಗಗಳು, ಕಪ್ಪು ಪಟ್ಟಿಯಿರುವ ಗಾಜಿನ ಸಣ್ಣ ಭಾಗವೊಂದು, ಮತ್ತು ಡಬ್ಬಿಯಾಕಾರದ ಮೂರು ಕೆಪಾಸಿಟರುಗಳು ಇವೆ.

ನನ್ನ ಮುಖ್ಯ ಪ್ರಶ್ನೆ ಆ ಎರಡು ರೆಸಿಸ್ಟರುಗಳದ್ದು. ಮಲ್ಟಿಮೀಟರನ್ನು ಗರಿಷ್ಠ ಮಟ್ಟಕ್ಕೆ ಇಟ್ಟು ನೋಡಿದರೂ ಎರಡರಲ್ಲಿಯೂ ಏನೂ ತೋರಿಸುತ್ತಿಲ್ಲ; ಎಂದರೆ ಎರಡೂ ಸುಟ್ಟಿವೆ ಎಂದು ನಾನು ಭಾವಿಸಿದ್ದೇನೆ. ಶಿವಮೊಗ್ಗೆಯ ಅಂಗಡಿಯಲ್ಲಿ ಬಣ್ಣಗಳನ್ನು ಹೇಳಿದಾಗ, 'ಅಷ್ಟು ದೊಡ್ಡದು ಬರುವುದಿಲ್ಲ, ಇದನ್ನು ಹಾಕಿ' ಎಂದು 1 ಮೆಗಾ ಓಮಿನ ಎರಡನ್ನು ಕೊಟ್ಟರು. ಅವನ್ನು ಹಾಕಬಹುದೇ?

ಹೊಸನಗರದವ:

ಹಾಕಿ ನೋಡಿ, ಹೋಗುವುದೇನಿದೆ? ಆದರೆ ಅದಕ್ಕಿಂತ ಮೊದಲು ಮೈಕನ್ನು ಎರಡು ದಿನ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಳಗಿನ ಪಸೆ ಆರುತ್ತದೆ ಎಂದು ನನ್ನ ಅನಿಸಿಕೆ. ನಮ್ಮಲ್ಲಿ ಬೀಜದಿಂದ ಹಿಡಿದು ಹಳೆಯ ಕಾಗದಪತ್ರಗಳವರೆಗೆ ಎಲ್ಲವೂ ಮಳೆಗಾಲ ದಾಟುವುದು ಆ ಅಟ್ಟದ ಮೇಲೆಯೇ. ಅದೂ ಆಗದಿದ್ದರೆ ಅಕ್ಕಿಯ ಡಬ್ಬಿಯಲ್ಲಿ ಹೂತಿಡಬಹುದು. ಮೂರು ಡಬ್ಬಿ ಕೆಪಾಸಿಟರುಗಳನ್ನಂತೂ ಕಣ್ಣುಮುಚ್ಚಿ ಬದಲಿಸಿ.

ಬೆಸುಗೆಕಡ್ಡಿ:

ತುಂಗೆಯ ದಡ ಅವರೇ, ದಯವಿಟ್ಟು ಆ 1 ಮೆಗಾ ಓಮಿನ ರೆಸಿಸ್ಟರುಗಳನ್ನು ಹಾಕಬೇಡಿ. ಹಳೆಯದನ್ನು ಕಿತ್ತಿಲ್ಲವಾದರೆ ಹಾಗೆಯೇ ಬಿಡಿ. ನಾನು ಸಾಗರದಲ್ಲಿ ಇಪ್ಪತ್ತು ವರ್ಷಗಳಿಂದ ಸೌಂಡ್ ಸಿಸ್ಟಮಿನ ಸಾಮಾನುಗಳನ್ನು ರಿಪೇರಿ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಕಂಡೆನ್ಸರ್ ಮೈಕುಗಳಲ್ಲಿ, ನಿಜವಾಗಿ ಕೆಟ್ಟ ಭಾಗವಿರುವವುಗಳಿಗಿಂತ, ಒಳ್ಳೆಯ ಭಾಗವನ್ನು ಕೆಟ್ಟಿದೆ ಎಂದು ತಿಳಿದು ಯಾರೋ ಬದಲಿಸಿ ಕೆಡಿಸಿದವುಗಳೇ ಹೆಚ್ಚು.

ಕಂದು ಎಂದರೆ 1, ಕಪ್ಪು ಎಂದರೆ 0, ಮೂರನೆಯ ಪಟ್ಟಿಯ ಬೂದು ಎಂದರೆ ಮುಂದೆ ಎಂಟು ಸೊನ್ನೆಗಳು. ಹತ್ತರ ಮುಂದೆ ಎಂಟು ಸೊನ್ನೆ ಇಟ್ಟರೆ ನೂರು ಕೋಟಿ ಓಮ್, ಅಂದರೆ 1 ಗಿಗಾ ಓಮ್. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆ 20 ಅಥವಾ 40 ಮೆಗಾ ಓಮಿಗೆ ಮುಗಿದುಹೋಗುತ್ತದೆ; ಅದರ ಕಣ್ಣಿಗೆ ಈ ರೆಸಿಸ್ಟರು ಒಳ್ಳೆಯದಿದ್ದಾಗಲೂ ತುಂಡಾದ ತಂತಿಯಂತೆಯೇ ಕಾಣುತ್ತದೆ. ಆದ್ದರಿಂದ ನಿಮ್ಮ ಮೀಟರು ಏನೂ ತೋರಿಸದೆ ಇರುವುದೇ ಸರಿಯಾದ ಉತ್ತರ. ಒಂದು ಎಚ್ಚರಿಕೆ: ಎಲ್‌ಇಡಿ ದೀಪದ ಕೆಳಗೆ ಬೂದು ಮತ್ತು ಬಿಳಿ, ಕಂದು ಮತ್ತು ಕೆಂಪು ಒಂದರಂತೆ ಇನ್ನೊಂದು ಕಾಣುತ್ತವೆ. ಮೂರನೆಯ ಪಟ್ಟಿ ಬಿಳಿಯಾಗಿದ್ದರೆ ಬೆಲೆ 10 ಗಿಗಾ ಓಮ್ ಆಗುತ್ತದೆ. ಮೋಡ ಕವಿದ ದಿನವಾದರೂ ಸರಿ, ಕಿಟಕಿಯ ಬೆಳಕಿನಲ್ಲಿ ಮಸೂರ ಹಿಡಿದು ಓದಿ. ಹೊಸ ಬಗೆಯ ಬೋರ್ಡುಗಳಲ್ಲಿ ಇದೇ ರೆಸಿಸ್ಟರು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕರಿಯ ಬಿಲ್ಲೆಯಾಗಿ, '108' ಎಂಬ ಅಂಕಿ ಹೊತ್ತು ಕುಳಿತಿರುತ್ತದೆ, ಲೆಕ್ಕ ಒಂದೇ.

ಬಿಡಿಭಾಗವನ್ನು ಗುರುತಿಸುವಾಗ ಮೇಲಿನ ಬರಹವನ್ನು ಮಾತ್ರ ನಂಬದೆ, ಅದು ಯಾರ ಪಕ್ಕದಲ್ಲಿ ಕುಳಿತಿದೆ ಎಂಬುದನ್ನೂ ನೋಡಬೇಕು. ನಿಮ್ಮ '470' ಇದಕ್ಕೆ ಒಳ್ಳೆಯ ಉದಾಹರಣೆ. ಸೆರಾಮಿಕ್ ಬಿಲ್ಲೆಯ ಮೇಲೆ '470' ಎಂದಿದ್ದರೆ 47ರ ಮುಂದೆ ಸೊನ್ನೆಯಿಲ್ಲ ಎಂದರ್ಥ, ಅಂದರೆ 47 ಪಿಕೋಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ). 470 ಪಿಕೋಫ್ಯಾರಡಿನ ಸೆರಾಮಿಕ್ ಬಿಲ್ಲೆಯ ಮೇಲೆ '471' ಎಂದಿರುತ್ತದೆ. ಆದರೆ ಬೆಳ್ಳಿಯ ಹಾಳೆ ಕಾಣುವ ನಿಮ್ಮ ಪಾರದರ್ಶಕ ಕೊಳವೆ ಪಾಲಿಸ್ಟೈರೀನ್ ಕೆಪಾಸಿಟರು. ಅದರ ಮೇಲೆ ಸಾಮಾನ್ಯವಾಗಿ ಬೆಲೆಯನ್ನು ಇದ್ದ ಹಾಗೆಯೇ ಬರೆಯುತ್ತಾರೆ. ಅದು ಕ್ಯಾಪ್ಸೂಲಿಗೂ 'ಕೆ170'ಕ್ಕೂ ನಡುವೆ ಕುಳಿತಿರುವುದರಿಂದ, ಧ್ವನಿಯನ್ನು ದಾಟಿಸಿ ಕ್ಯಾಪ್ಸೂಲಿನ ವೋಲ್ಟೇಜನ್ನು ತಡೆಯುವ 470 ಪಿಕೋಫ್ಯಾರಡಿನ ಕೆಪಾಸಿಟರೇ ಹೌದು. ಅದಕ್ಕೆ ಬಿಸಿ ತಾಗಿದರೆ ಸುಕ್ಕುಗಟ್ಟುತ್ತದೆ, ಥಿನ್ನರ್ ಅಥವಾ ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ತಾಗಿದರೆ ಕರಗಿಹೋಗುತ್ತದೆ. 

'ಕೆ170' ಎಂದರೆ 2ಎಸ್‌ಕೆ170. ಜಪಾನಿನ ಪದ್ಧತಿಯಲ್ಲಿ ಮೊದಲಿನ '2ಎಸ್' ಎಂಬುದನ್ನು ಭಾಗದ ಮೇಲೆ ಮುದ್ರಿಸುವುದಿಲ್ಲ. ಕೆ ಎಂದರೆ ಎನ್ ಚಾನೆಲ್ಲಿನ ಫೆಟ್ (ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರು). ಎ ಮತ್ತು ಬಿ ಎಂದರೆ ಪಿಎನ್‌ಪಿ, ಸಿ ಮತ್ತು ಡಿ ಎಂದರೆ ಎನ್‌ಪಿಎನ್ ಟ್ರಾನ್ಸಿಸ್ಟರು (ಕರೆಂಟು ವಿರುದ್ಧ ದಿಕ್ಕಿಗೆ ಹರಿಯುವ ಎರಡು ಬಗೆಗಳು). ಹಾಗಾಗಿ 'ಎ1015' ಎಂಬುದು 2ಎಸ್‌ಎ1015, ಪಿಎನ್‌ಪಿ. 'ಬಿಎಲ್', 'ಜಿಆರ್' ಎಂಬವು ಅದೇ ಭಾಗದೊಳಗಿನ ದರ್ಜೆಗಳು. ನಡುವಿನ ಕಾಲು ಗಾಳಿಯಲ್ಲಿ ನಿಂತಿರುವುದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಅದು ಫೆಟ್ಟಿನ ಗೇಟ್, ಅಂದರೆ ಧ್ವನಿಯ ಸಂಕೇತ ಒಳಹೋಗುವ ಕಾಲು. ಬೋರ್ಡಿನ ಮೇಲ್ಮೈಯಲ್ಲಿ ಹರಿಯುವ ಅತ್ಯಲ್ಪ ಸೋರಿಕೆಯೂ ತಾಗಬಾರದೆಂದು ಕ್ಯಾಪ್ಸೂಲಿನ ತಂತಿಯನ್ನೂ ಗಿಗಾ ಓಮಿನ ತುದಿಯನ್ನೂ ಅದರೊಡನೆ ಗಾಳಿಯಲ್ಲೇ ಬೆಸೆಯುತ್ತಾರೆ. ದಯವಿಟ್ಟು ಅದನ್ನು ಬಗ್ಗಿಸಿ ಬೋರ್ಡಿಗೆ ಬೆಸೆಯಲು ಹೋಗಬೇಡಿ.

ಹಸಿರು ಭಾಗಗಳು ಫಿಲ್ಮ್ ಕೆಪಾಸಿಟರುಗಳು: '2ಎ' ಎಂದರೆ 100 ವೋಲ್ಟ್ ತಾಳಿಕೆ, '102' ಎಂದರೆ 1,000 ಪಿಕೋಫ್ಯಾರಡ್, 'ಜೆ' ಎಂದರೆ ಶೇ. 5ರ ಏರುಪೇರು. ಗಾಜಿನ ಭಾಗ ಡಯೋಡು. ಕಪ್ಪು ಪಟ್ಟಿಯಿರುವ ತುದಿ ಕ್ಯಾಥೋಡ್. ಮೇಲೆ '4148' ಎಂದಿದ್ದರೆ ಅದು ಮಾಮೂಲಿ ಡಯೋಡು. ಬದಲಿಗೆ ವೋಲ್ಟೇಜಿನ ಅಂಕಿಯಿದ್ದು, ಪಟ್ಟಿಯ ತುದಿ ಪಾಸಿಟಿವ್ ಕಡೆಗೆ ತಿರುಗಿದ್ದರೆ ಅದು ವೋಲ್ಟೇಜನ್ನು ಸ್ಥಿರವಾಗಿಡುವ ಝೀನರ್ ಡಯೋಡು. ಝೀನರಿಗೆ ಸ್ವಭಾವತಃ ಹಿಸ್ ಎನ್ನುವ ಗುಣವಿದೆ. ಅದನ್ನು ಅಡಗಿಸಲು ಪಕ್ಕದಲ್ಲೇ ಒಂದು ಡಬ್ಬಿ ಕೆಪಾಸಿಟರು ಇರುತ್ತದೆ. ಅದನ್ನೇನಾದರೂ ಮುಂದೆ ಬದಲಿಸುವುದಾದರೆ ನೆನಪಿಡಿ, ಡಬ್ಬಿಯ ಮೇಲಿನ ಪಟ್ಟಿ ನೆಗೆಟಿವ್ ಕಾಲನ್ನು ತೋರಿಸುತ್ತದೆ. ಆದರೆ ಬಿಲ್ಲೆಯಾಕಾರದ ಟ್ಯಾಂಟಲಮ್ ಕೆಪಾಸಿಟರಿನ ಮೇಲಿನ ಪಟ್ಟಿ ಪಾಸಿಟಿವ್ ಕಾಲನ್ನು ತೋರಿಸುತ್ತದೆ. ಈ ಒಂದು ಗೊಂದಲದಿಂದ ಸುಟ್ಟ ಬೋರ್ಡುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಹೊಸನಗರದವರ ಸಲಹೆಯ ಬಗ್ಗೆ ಬೇಸರಪಡಬಾರದು, ಆದರೆ ಅಟ್ಟ ಬೇಡವೇ ಬೇಡ. ಒಲೆಯ ಹೊಗೆಯ ಮಸಿ ಇಂಗಾಲ. ಅದು ವಿದ್ಯುತ್ತನ್ನು ಹರಿಸುತ್ತದೆ, ಜಿಡ್ಡಿರುವುದರಿಂದ ಪಸೆಯನ್ನೂ ಹಿಡಿದಿಡುತ್ತದೆ. ಅಕ್ಕಿಯ ಹೊಟ್ಟು ಕ್ಯಾಪ್ಸೂಲಿನ ಡಯಾಫ್ರಾಮಿನ ಮೇಲೆ ಕುಳಿತರೆ ತೆಗೆಯುವುದು ಇನ್ನೂ ಕಷ್ಟ.

ಮೇಷ್ಟ್ರು:

ನಾನು ಶಿವಮೊಗ್ಗದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. 1 ಮೆಗಾ ಓಮ್ ಏಕೆ ಕೂಡದು ಎಂಬುದಕ್ಕೆ ಲೆಕ್ಕವನ್ನು ಸೇರಿಸುತ್ತೇನೆ. ಏಕೆಂದರೆ 'ರೆಸಿಸ್ಟರು ಚಿಕ್ಕದಾದರೆ ಸದ್ದೂ ಕಡಿಮೆಯಾದೀತು' ಎಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ.

ಕಂಡೆನ್ಸರ್ ಕ್ಯಾಪ್ಸೂಲ್ ಎಂದರೆ ಸುಮಾರು 60 ಪಿಕೋಫ್ಯಾರಡಿನ ಪುಟ್ಟ ಕೆಪಾಸಿಟರು. ಡಯಾಫ್ರಾಮ್ ಅಲುಗಿದಾಗ ಅದರ ಮೇಲಿನ ವಿದ್ಯುದಂಶ ಬದಲಾಗದೆ ಉಳಿದರೆ ಮಾತ್ರ ವೋಲ್ಟೇಜು ಧ್ವನಿಯಂತೆ ಏರಿಳಿಯುತ್ತದೆ. ರೆಸಿಸ್ಟರಿನ ಮೂಲಕ ಆ ವಿದ್ಯುದಂಶ ಸೋರಿಹೋಗುವಷ್ಟು ಸಮಯ ಸಿಕ್ಕಿದರೆ ಕೆಳಸ್ಥಾಯಿಯ ಧ್ವನಿ ಮಾಯವಾಗುತ್ತದೆ. 1 ಗಿಗಾ ಓಮ್ ಮತ್ತು 60 ಪಿಕೋಫ್ಯಾರಡ್ ಸೇರಿದಾಗ ಈ ಗಡಿ ಸುಮಾರು 2.65 ಹರ್ಟ್ಜ್, ನಮ್ಮ ಕಿವಿಗೆ ಅದು ಲೆಕ್ಕಕ್ಕೇ ಇಲ್ಲ. ರೆಸಿಸ್ಟರನ್ನು 1 ಮೆಗಾ ಓಮಿಗೆ ಇಳಿಸಿದರೆ ಗಡಿ ಸಾವಿರ ಪಟ್ಟು ಮೇಲೇರಿ ಸುಮಾರು 2,650 ಹರ್ಟ್ಜಿಗೆ ಬಂದು ನಿಲ್ಲುತ್ತದೆ. ಆಗ 100 ಹರ್ಟ್ಜಿನ ಧ್ವನಿ 28 ಡೆಸಿಬೆಲ್ಲಿನಷ್ಟು ಕುಗ್ಗಿ, ಮದ್ದಲೆಯ ಗುಂಕಾರ ಹೋಗಿ ತಾಳದ ಕಿಣಿಕಿಣಿ ಮಾತ್ರ ಉಳಿಯುತ್ತದೆ. ಇನ್ನು ಹಿಸ್ ವಿಚಾರ. ಪ್ರತಿಯೊಂದು ರೆಸಿಸ್ಟರಿಗೂ ತನ್ನದೇ ಆದ ಉಷ್ಣದ ಗದ್ದಲವಿದೆ. ಇಲ್ಲಿ ರೆಸಿಸ್ಟರಿಗೆ ಅಡ್ಡಲಾಗಿ ಕ್ಯಾಪ್ಸೂಲಿನ ಕೆಪಾಸಿಟೆನ್ಸ್ ಇರುವುದರಿಂದ, ರೆಸಿಸ್ಟರ್ ದೊಡ್ಡದಾದಷ್ಟೂ ಆ ಗದ್ದಲ ಕಿವಿಗೆ ಕೇಳದ ತೀರ ಕೆಳಗಿನ ಕಂಪನಗಳಿಗೆ ಸರಿದುಹೋಗುತ್ತದೆ. ಚಿಕ್ಕದು ಮಾಡಿದರೆ ಅದು ಮಾತು ಕೇಳುವ ಪಟ್ಟಿಯೊಳಗೇ ಬಂದು ಕೂರುತ್ತದೆ.

ಮಳೆಗಾಲದ ಚಟಪಟಕ್ಕೂ ಕಾರಣ ಇದೇ ಜಾಗದಲ್ಲಿದೆ. ಧೂಳು, ಬೆವರಿನ ಉಪ್ಪು, ಬೆಸುಗೆ ಹಿಡಿಯಲು ಬಳಸುವ ಅಂಟಾದ ಫ್ಲಕ್ಸ್ ಇವುಗಳ ಮೇಲೆ ಪಸೆ ಕುಳಿತರೆ, ಸಾಮಾನ್ಯ ಸರ್ಕಿಟಿನಲ್ಲಿ ಯಾರೂ ಗಮನಿಸದ ನೂರು ಮೆಗಾ ಓಮಿನ ಸೋರುದಾರಿಯೊಂದು ಹುಟ್ಟುತ್ತದೆ. 1 ಗಿಗಾ ಓಮಿನ ಪಕ್ಕದಲ್ಲಿ ಅದು ಹೆದ್ದಾರಿ. ಅದು ಒಂದೇ ಸಮ ಇರದೆ, ಕ್ಷಣ ಕ್ಷಣಕ್ಕೂ ಕೂಡಿ ಬಿಟ್ಟು ಮಾಡುವುದರಿಂದ ಸಿಡಿತ ಕೇಳಿಸುತ್ತದೆ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ, ನಿಮ್ಮ ಮೈಕು ಆರು ವರ್ಷ ತಾಳಿದ್ದೇ ದೊಡ್ಡದು.

ತುಂಗೆಯ ದಡ:

ಇಬ್ಬರಿಗೂ ಕೃತಜ್ಞತೆಗಳು. ರೆಸಿಸ್ಟರನ್ನು ಕಿತ್ತಿರಲಿಲ್ಲ, ಪುಣ್ಯ. ಆದರೆ ದೋಷ ಕ್ಯಾಪ್ಸೂಲಿನಲ್ಲಿದೆಯೋ ಬೋರ್ಡಿನಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸುವುದು ಹೇಗೆ? ಮತ್ತು ಸ್ವಚ್ಛಗೊಳಿಸಲು ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಆದೀತೇ?

ಬೆಸುಗೆಕಡ್ಡಿ:

ಸರ್ಜಿಕಲ್ ಸ್ಪಿರಿಟ್ ಬೇಡ. ಅದರಲ್ಲಿ ನೀರಿನಂಶವಿರುತ್ತದೆ, ಕೆಲವದರಲ್ಲಿ ಎಣ್ಣೆಯೂ ಇರುತ್ತದೆ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಎಂದು ಕೇಳಿ ತನ್ನಿ. ಮೊಬೈಲ್ ರಿಪೇರಿಯವರ ಬಳಿ ಸಿಗುತ್ತದೆ, ಪಾಲಿಸ್ಟೈರೀನಿಗೂ ಅದರಿಂದ ಕೇಡಿಲ್ಲ.

ಬೇರ್ಪಡಿಸುವ ಉಪಾಯ ಸುಲಭ. ಫ್ಯಾಂಟಮ್ ಪವರ್ (ಮಿಕ್ಸರು ಕೇಬಲ್ಲಿನ ಮೂಲಕವೇ ಮೈಕಿಗೆ ಕಳಿಸುವ 48 ವೋಲ್ಟ್) ಆರಿಸಿ, ಕೆಲವು ನಿಮಿಷ ಬಿಟ್ಟು, ಕ್ಯಾಪ್ಸೂಲಿನ ತಂತಿಗಳನ್ನು ಬಿಡಿಸಿ. ಅವುಗಳ ಜಾಗದಲ್ಲಿ 68 ಪಿಕೋಫ್ಯಾರಡಿನ ಸೆರಾಮಿಕ್ ಕೆಪಾಸಿಟರು ಒಂದನ್ನು, ಅಂದರೆ '680' ಎಂದು ಬರೆದಿರುವುದನ್ನು, ಬೆಸೆದು ಹೊರ ಹೊದಿಕೆಯನ್ನು ಹಾಕಿ. ಹೊದಿಕೆಯಿಲ್ಲದಿದ್ದರೆ ಮನೆಯ ಕರೆಂಟಿನ ಗುಂಯ್ ಎಂಬ ಸದ್ದೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಈಗಲೂ ಚಟಪಟವಿದ್ದರೆ ದೋಷ ಬೋರ್ಡಿನದು, ಇಲ್ಲವಾದರೆ ಕ್ಯಾಪ್ಸೂಲಿನದು. ಏನನ್ನೂ ಹಾಕದೆ ಖಾಲಿ ಬಿಟ್ಟು ಪರೀಕ್ಷಿಸಿದರೆ, ಮೇಷ್ಟ್ರು ಹೇಳಿದ ಕಾರಣಕ್ಕೇ, ಒಳ್ಳೆಯ ಬೋರ್ಡು ಕೂಡ ಹಿಸ್ ಎನ್ನುತ್ತದೆ. ಬೆಸೆಯುವ ಕ್ಷಣದಲ್ಲಿ ಬೆಸುಗೆಕಡ್ಡಿಯ ಪ್ಲಗ್ ತೆಗೆದಿಡಿ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಕಡ್ಡಿಯ ತುದಿಯ ಸೋರಿಕೆಯಿಂದಲೇ ಫೆಟ್ ಸಾಯುತ್ತದೆ. ಚಿಕ್ಕ ಡಬ್ಬಿಯಲ್ಲಿ ಬರುವ ಸಾಲ್ಡರಿಂಗ್ ಪೇಸ್ಟನ್ನು ಈ ಜಾಗಕ್ಕೆ ತಾಗಿಸಲೇಬೇಡಿ.

ಡಯಾಫ್ರಾಮನ್ನು ಮುಟ್ಟಬೇಡಿ, ಬಾಯಿಂದ ಊದಲೂ ಬೇಡಿ. ಅದು ಚಿನ್ನದ ಲೇಪವಿರುವ, ಕೆಲವೇ ಮೈಕ್ರಾನ್ ದಪ್ಪದ ಹಾಳೆ; ಎಂಜಲಿನ ಒಂದು ಕಣ ಸಾಕು.

ಗೇಟನ್ನು ಮೀಟರಿನಿಂದ ಮುಟ್ಟದೆಯೇ ಫೆಟ್ಟನ್ನೂ ಟ್ರಾನ್ಸಿಸ್ಟರುಗಳನ್ನೂ ಪರೀಕ್ಷಿಸಬಹುದು. ಒಂದು ಫೆಟ್, ಎರಡು ಪಿಎನ್‌ಪಿ ಇರುವುದರಿಂದ ನಿಮ್ಮದು ಷೊಪ್ಸ್ (ಜರ್ಮನಿಯ ಮೈಕ್ ಕಂಪನಿ) ಮಾದರಿ ಎಂದು ಕರೆಯುವ ಸರ್ಕಿಟ್ ಇದ್ದಂತಿದೆ. ಅದರಲ್ಲಿ ಫೆಟ್ಟಿನ ಉಳಿದೆರಡು ಕಾಲುಗಳಾದ ಡ್ರೈನಿಗೂ ಸೋರ್ಸಿಗೂ ಒಂದೇ ಬೆಲೆಯ ರೆಸಿಸ್ಟರುಗಳಿರುತ್ತವೆ. ಕೆಂಪು, ಕೆಂಪು, ಕಪ್ಪು, ಕಂದು, ಕಂದು ಎಂಬ ಐದು ಪಟ್ಟಿಗಳಿದ್ದರೆ 2.2 ಕಿಲೋ ಓಮ್. ಎರಡರಲ್ಲೂ ಹರಿಯುವುದು ಒಂದೇ ಕರೆಂಟು, ಆದ್ದರಿಂದ ಎರಡರ ಮೇಲಿನ ವೋಲ್ಟೇಜೂ ಒಂದೇ ಇರಬೇಕು. ನಂತರ ಮೈಕು ಕೆಲಸ ಮಾಡುತ್ತಿರುವಾಗ ಕನೆಕ್ಟರಿನ 1ನೇ ಪಿನ್ನಿನಿಂದ 2ಕ್ಕೆ ಮತ್ತು 3ಕ್ಕೆ ವೋಲ್ಟೇಜು ನೋಡಿ. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು.

ತುಂಗೆಯ ದಡ:

ಒಂದು ವಾರದ ನಂತರ ಬರೆಯುತ್ತಿದ್ದೇನೆ. 68 ಪಿಕೋಫ್ಯಾರಡಿನ ಕೆಪಾಸಿಟರು ಹಾಕಿದಾಗಲೂ ಚಟಪಟ ಹಾಗೆಯೇ ಇತ್ತು, ಕ್ಯಾಪ್ಸೂಲು ನಿರಪರಾಧಿ. ಗೇಟಿನ ಸುತ್ತ ಮಸೂರ ಹಿಡಿದು ನೋಡಿದರೆ ಕಾರ್ಖಾನೆಯ ಕಂದು ಫ್ಲಕ್ಸ್ ಜೇನಿನಂತೆ ಅಂಟಿಕೊಂಡಿದ್ದು, ಅದರ ಮೇಲೆ ಬಿಳಿಯ ಬೂಷ್ಟೂ ಇತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ಮೂರು ಬಾರಿ ತೊಳೆದು, ನೀಲಿ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟೆ. ಸಿಡಿತ ಪೂರ್ತಿ ನಿಂತಿದೆ. ಹೊರಗೆ ಮೂರು ದಿನದಿಂದ ಬಿಡದೆ ಮಳೆಯಿದ್ದರೂ ಮರಳಿ ಬಂದಿಲ್ಲ.

ಆದರೆ ಹಿಸ್ ಉಳಿದಿದೆ. ಫೆಟ್ಟಿನ ಎರಡೂ ರೆಸಿಸ್ಟರುಗಳ ಮೇಲಿನ ವೋಲ್ಟೇಜು ಸಮನಾಗಿದೆ. ಆದರೆ ಕನೆಕ್ಟರಿನ 2ನೇ ಪಿನ್ನಿನಲ್ಲಿ 38 ವೋಲ್ಟ್, 3ನೆಯದರಲ್ಲಿ 43 ವೋಲ್ಟ್ ಬರುತ್ತಿದೆ. ಅಂಗಡಿಯಲ್ಲಿ 'ಎ1015' ಇಲ್ಲವಂತೆ. ಅದರ ಬದಲು ಬಿಸಿ557 ಕೊಡುತ್ತಾರೆ.

ಬೆಸುಗೆಕಡ್ಡಿ:

ಸುಳಿವು ಅಲ್ಲಿಯೇ ಇದೆ. ಫ್ಯಾಂಟಮ್ ಪವರ್ ಮಿಕ್ಸರಿನಲ್ಲಿ ಪ್ರತಿ ಪಿನ್ನಿಗೂ 6.8 ಕಿಲೋ ಓಮಿನ ಮೂಲಕ ಬರುತ್ತದೆ. 48ರಿಂದ 38ಕ್ಕೆ ಇಳಿದಿದೆ ಎಂದರೆ ಆ ಕಡೆ ಸುಮಾರು ಒಂದೂವರೆ ಮಿಲಿಆಂಪಿಯರ್ ಹರಿಯುತ್ತಿದೆ. 43 ಎಂದರೆ ಅದರ ಅರ್ಧದಷ್ಟು. ಮೊದಲು ಅದೇ ಮೈಕನ್ನು ಮಿಕ್ಸರಿನ ಬೇರೆ ಚಾನೆಲ್ಲಿಗೆ ಹಾಕಿ ಅಳೆಯಿರಿ. ಅಲ್ಲಿಯೂ 43 ಬಂದರೆ, 3ನೇ ಪಿನ್ನಿಗೆ ಸೇರಿದ ಟ್ರಾನ್ಸಿಸ್ಟರಿನ ಬೆಸುಗೆಗಳನ್ನು ಮತ್ತೊಮ್ಮೆ ಕಾಯಿಸಿ ನೋಡಿ. ಆಮೇಲೂ ಬದಲಾಗದಿದ್ದರೆ ಎರಡೂ ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿ ಬದಲಿಸಿ.

ಬಿಸಿ557 ಪಿಎನ್‌ಪಿಯೇ, ಆದರೆ ಅದರ ತಾಳಿಕೆ 45 ವೋಲ್ಟ್ ಮಾತ್ರ. ನಿಮ್ಮ ಪಿನ್ನಿನಲ್ಲಿಯೇ 43 ಇರುವಾಗ ಅದು ಅಂಚಿನ ನಡಿಗೆ. ಅದೇ ಕುಟುಂಬದ ಬಿಸಿ556 ಕೇಳಿ, ಅದು 65 ವೋಲ್ಟ್ ತಾಳುತ್ತದೆ. ಕಾಲುಗಳ ಕ್ರಮವೂ ಬೇರೆ. ಚಪ್ಪಟೆ ಮುಖವನ್ನು ನಿಮ್ಮತ್ತ ತಿರುಗಿಸಿ, ಕಾಲುಗಳನ್ನು ಕೆಳಗೆ ಮಾಡಿ ಹಿಡಿದಾಗ 'ಎ1015'ರಲ್ಲಿ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ556ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ನಡುವಿನ ಕಾಲೇ ಬೇರೆಯಾಗಿರುವುದರಿಂದ ಹಿಂದುಮುಂದು ತಿರುಗಿಸಿ ಹಾಕಿದರೂ ಹೊಂದುವುದಿಲ್ಲ. ತಿರುಗಿಸಿದ ಮೇಲೆ ಬೇಸ್ ಮತ್ತು ಕಲೆಕ್ಟರ್ ಕಾಲುಗಳನ್ನು ಒಂದರ ಮೇಲೊಂದು ದಾಟಿಸಿ, ತಾಗದಂತೆ ನಡುವೆ ಸ್ಲೀವ್ ಹಾಕಬೇಕು.

ತುಂಗೆಯ ದಡ:

ಬೇರೆ ಚಾನೆಲ್ಲಿನಲ್ಲಿಯೂ 43 ವೋಲ್ಟೇ ಇತ್ತು, ಬೆಸುಗೆ ಕಾಯಿಸಿದರೂ ಬದಲಾಗಲಿಲ್ಲ. ಶಿವಮೊಗ್ಗೆಯಲ್ಲಿಯೇ ಬಿಸಿ556 ಸಿಕ್ಕಿತು. ಎರಡನ್ನೂ ಸ್ಲೀವ್ ಹಾಕಿ ಕೂರಿಸಿದ ಮೇಲೆ 2ನೇ ಪಿನ್ನಿನಲ್ಲಿ 38.4, 3ನೆಯದರಲ್ಲಿ 38.1 ವೋಲ್ಟ್ ಬರುತ್ತಿದೆ, ಹಿಸ್ ಇಳಿದಿದೆ. ಮೈಕು ಈಗ ಸಿಲಿಕಾ ಜೆಲ್ ಡಬ್ಬಿಯಲ್ಲಿಯೇ ಇರುತ್ತದೆ. ತಾಳಮದ್ದಲೆ ಶುರುವಾಗುವ ಹೊತ್ತಿಗೆ ಮಾತ್ರ ಹೊರಗೆ ಬರುತ್ತದೆ. ಜೆಲ್ ನಾಲ್ಕೇ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿತು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಿಕೊಂಡಿದ್ದೇನೆ.

ಮೇಷ್ಟ್ರು:

ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ನೀಲಿ ಜೆಲ್ಲಿನ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅದು ವಿಷಕಾರಿ.